ಕೆಂಪಕ್ಷರದ ರಿಪೋರ್ಟು, ಯಾರೂ ನೋಡದ ಬಿಪಿ

(ಹೆಸರು, ವೃತ್ತಿ, ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದೆ.)

ಲ್ಯಾಬಿನವರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಡಬಲ್ ಮಾರ್ಕರ್ (ಹೊಟ್ಟೆಯಲ್ಲಿರುವ ಮಗುವಿಗೆ ಕ್ರೋಮೋಸೋಮಿನ ತೊಂದರೆ ಇರುವ ಸಾಧ್ಯತೆ ಅಂದಾಜಿಸುವ ರಕ್ತಪರೀಕ್ಷೆ) ರಿಪೋರ್ಟನ್ನು ಸುಜಾತಾ ಪ್ರಿಂಟ್ ತೆಗೆಸಿಕೊಂಡೇ ನನ್ನ ಬಳಿ ಸಲಹೆಗೆ ಬಂದಿದ್ದರು. ವಯಸ್ಸು 39, ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಮೊದಲ ಬಸಿರು, ಹದಿಮೂರನೇ ವಾರ. ಜತೆಗೆ ಗಂಡ, ಅತ್ತೆ. ‘ಹೈ ರಿಸ್ಕ್, 1:210’ ಎಂಬ ಕೆಂಪಕ್ಷರ ಕಂಡಾಗಿನಿಂದ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿಲ್ಲ ಅಂದರು ಅತ್ತೆ. ಗಂಡ ಬಾಯೇ ಬಿಡಲಿಲ್ಲ.

“ತೆಗೆಸಿಬಿಡೋದೇ ಒಳ್ಳೇದಾ ಮೇಡಂ?” ಇದು ಸುಜಾತಾರ ಮೊದಲ ಮಾತು.

ಆ ಹಾಳೆಯನ್ನು ಮೇಜಿನ ಮೇಲೆ ಹರವಿ ಮೇಲಿನ ಸಾಲು ಓದಲು ಹೇಳಿದೆ. ಅಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಲೆಕ್ಕವಿತ್ತು: ಬರೀ ವಯಸ್ಸನ್ನು ಹಿಡಿದು ನೋಡಿದರೆ ಮಗುವಿಗೆ ಡೌನ್ ಸಿಂಡ್ರೋಮ್ (ಒಂದು ಕ್ರೋಮೋಸೋಮು ಹೆಚ್ಚಿದ್ದು ಬೆಳವಣಿಗೆ, ಕಲಿಕೆ ನಿಧಾನವಾಗುವ ತೊಂದರೆ) ಇರುವ ಸಾಧ್ಯತೆ 1:135. ರಕ್ತಪರೀಕ್ಷೆ ಮತ್ತು ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಎನ್‌ಟಿ ಸ್ಕ್ಯಾನ್ ಸೇರಿಸಿದ ಮೇಲೆ ಅದು 1:210 ಆಗಿತ್ತು. ಅಂದರೆ ಪರೀಕ್ಷೆಯಿಂದ ಭಯ ಕಡಿಮೆಯಾಗಬೇಕಿತ್ತು! ಸಾಧ್ಯತೆ 1:250ರ ಗೆರೆಗಿಂತ ಕೆಳಗಿಳಿಯಲಿಲ್ಲವೆಂದು ಕಂಪ್ಯೂಟರು ಕೆಂಪು ಬಳಿದಿದೆ, ಅಷ್ಟೆ. “ನಿಮ್ಮ ಸ್ಕೂಲಲ್ಲಿ ಬೆಳಗ್ಗೆ ಪ್ರಾರ್ಥನೆಗೆ 210 ಮಕ್ಕಳು ನಿಂತಿದ್ದಾರೆ ಅಂದ್ಕೊಳ್ಳಿ. ಅವರಲ್ಲಿ ಒಂದು ಮಗುವಿಗೆ ಈ ತೊಂದರೆ ಇರಬಹುದು. 209 ಮಕ್ಕಳಿಗೆ ಇಲ್ಲ.” ಗಣಿತದ ಟೀಚರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ವರದಿಯನ್ನು ವಿವರಿಸುವವರಿಲ್ಲದೆ ಫೋನಿಗೆ ಕಳಿಸಿ ಕೈತೊಳೆದುಕೊಳ್ಳುವ ಈ ಪದ್ಧತಿ ನಿಲ್ಲುವವರೆಗೆ ನನ್ನಂಥ ಸಲಹೆಗಾರರಿಗೆ ಕೆಲಸ ತಪ್ಪದು.

ಮುಂದೇನು ಎಂಬುದಕ್ಕೆ ಮೂರು ದಾರಿ ತಿಳಿಸಿದೆ. ಎನ್‌ಐಪಿಟಿ, ಅಂದರೆ ತಾಯಿಯ ರಕ್ತದಲ್ಲಿ ಬೆರೆತ ಬಸಿರಿನ ಡಿಎನ್ಎ ನೋಡುವ ಪರೀಕ್ಷೆ: ತಾಯಿಯ ರಕ್ತವಷ್ಟೇ ಸಾಕು, ದುಬಾರಿ, ಆದರೆ ಅದೂ ಸ್ಕ್ರೀನಿಂಗೇ, ಸಾಧ್ಯತೆಯನ್ನಷ್ಟೇ ಹೇಳುತ್ತದೆ, ಅದರಲ್ಲಿ ಪಾಸಿಟಿವ್ ಬಂದರೂ ಅಷ್ಟರಲ್ಲೇ ಯಾವ ನಿರ್ಧಾರಕ್ಕೂ ಬರಬಾರದು. ಖಚಿತವಾಗಿ ತಿಳಿಯಬೇಕೆಂದರೆ 15 ವಾರ ತುಂಬಿದ ಮೇಲೆ ಗರ್ಭದ ನೀರು ತೆಗೆದು ಮಾಡುವ ಆಮ್ನಿಯೋಸೆಂಟೆಸಿಸ್; ಅದರಿಂದ ಗರ್ಭಪಾತವಾಗುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ಏನೂ ಮಾಡಿಸದೆ 18ರಿಂದ 20ನೇ ವಾರದಲ್ಲಿ ಮಗುವಿನ ಅಂಗಾಂಗಗಳ ದೋಷ ನೋಡುವ ಅನಾಮಲಿ ಸ್ಕ್ಯಾನಿಗೆ ಕಾಯುವುದೂ ಒಂದು ದಾರಿಯೇ, ಆದರೆ ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ. ಯಾವುದನ್ನು ಆರಿಸಬೇಕೆಂದು ನಾನು ಹೇಳಲಿಲ್ಲ. ಅದು ಗಂಡ ಹೆಂಡತಿಗೆ ಬಿಟ್ಟದ್ದು.

ಅತ್ತೆ ಮೆಲ್ಲಗೆ, “ಆ ರಕ್ತದಲ್ಲೇ ಗಂಡೋ ಹೆಣ್ಣೋ ಗೊತ್ತಾಗತ್ತಂತಲ್ಲವ್ವಾ?” ಅಂದರು. “1994ರಿಂದ ಕಾನೂನಿದೆ ಅಮ್ಮ, ಹೇಳೋದೂ ಅಪರಾಧ, ಹೇಳಿ ಅಂತ ಕೇಳೋದೂ ಅಪರಾಧ,” ಅಂದೆ. ಮಾತು ಅಲ್ಲಿಗೆ ಮುಗಿಯಿತು.

ನನಗೆ ನಿಜವಾಗಿ ಚಿಂತೆಯಾದದ್ದು ತಾಯಿ ಕಾರ್ಡ್ ತೆರೆದಾಗ. ಹಿಂದಿನ ಭೇಟಿಯ ಬಿಪಿ 138/88. ತಲೆನೋವಿದೆಯೇ ಅಂದರೆ, “ಟೆನ್ಶನ್ ಅಲ್ವಾ ಮೇಡಂ” ಅಂದರು. ಸುಜಾತಾರ ತಾಯಿಗೆ ಸಕ್ಕರೆ ಕಾಯಿಲೆಯೂ ಇತ್ತು. ತಡವಾದ ಮೊದಲ ಬಸಿರು ಎಂದಕೂಡಲೇ ಮನೆಮಂದಿಯ ಕಣ್ಣೆಲ್ಲ ಮಗುವಿನ ಕ್ರೋಮೋಸೋಮಿನ ಮೇಲೆ. ಈ ವಯಸ್ಸಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಕಾಡುವುದು ತಾಯಿಯ ಬಿಪಿ, ಶುಗರ್.

ಹಾಗಾಗಿ ಉಳಿದ ಸಮಯವೆಲ್ಲ ಅದಕ್ಕೇ ಹೋಯಿತು. ಮುಂದಿನ ವಾರದವರೆಗೆ ಕಾಯದೆ ನಾಳೆಯೇ ಡಾಕ್ಟರಿಗೆ ಬಿಪಿ ತೋರಿಸಿ. ಕಡಿಮೆ ಡೋಸಿನ ಆಸ್ಪಿರಿನ್ ನಿಮಗೆ ಬೇಕೇ ಎಂದು ನೀವಾಗೇ ಕೇಳಿ. ಬಸುರಿನಲ್ಲಿ ನಂಜು ಏರುವುದನ್ನು (ಬಿಪಿ ಏರಿ ತಾಯಿ ಮಗುವಿಗೆ ಅಪಾಯ ತರುವ ಪ್ರಿಎಕ್ಲಾಂಪ್ಸಿಯಾ) ತಡೆಯಲು ಕೊಡುವ ಆ ಮಾತ್ರೆಯನ್ನು 16 ವಾರದೊಳಗೆ ಶುರುಮಾಡಿದರೇ ಹೆಚ್ಚು ಪ್ರಯೋಜನ. ಆದರೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ಮಾಡುವ ಶುಗರ್ ಪರೀಕ್ಷೆ ಈಗೊಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಬಿಪಿ 140/90 ಮುಟ್ಟಿದರೆ, ಕಣ್ಣು ಮಂಜಾದರೆ, ಮುಖ ಊದಿದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಹೊರಡಿ.

ಅತ್ತೆಗೂ ಎರಡು ಮಾತು ಹೇಳಬೇಕಾಯಿತು. ಇಬ್ಬರ ಊಟ ಬಡಿಸುವುದು ಬೇಡ. ಅನ್ನ ಒಂದು ಸೌಟು ಕಡಿಮೆ ಮಾಡಿ ಕಾಳು, ಸೊಪ್ಪು ಹೆಚ್ಚಿಸಿ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜತೆ ಕೊಡಬೇಡಿ. ಸೊಸೆಯನ್ನು ಮಂಚದಿಂದ ಇಳಿಸದಿರುವುದೂ ಬೇಡ. ಡಾಕ್ಟರು ಬೇಡವೆನ್ನದಿದ್ದರೆ ದಿನಾ ಅರ್ಧ ಗಂಟೆ ನಡೆಯಲಿ, ಸ್ಕೂಲಿಗೂ ಹೋಗಲಿ. ಫೈಲಿನ ಮೇಲೆ ‘ಪ್ರೆಷಸ್ ಪ್ರೆಗ್ನೆನ್ಸಿ’ (ಅಮೂಲ್ಯ ಬಸಿರು) ಎಂದು ಬರೆದವರ ಮೇಲೆ ನನಗೆ ಸಿಟ್ಟಿದೆ. ಆ ಎರಡು ಪದದಿಂದ ಎಷ್ಟು ಹೆಂಗಸರು ವಿನಾಕಾರಣ ಹಾಸಿಗೆ ಹಿಡಿದಿದ್ದಾರೋ.

ಅವರು ಎನ್‌ಐಪಿಟಿ ಮಾಡಿಸಿದರು. ಸಾಧ್ಯತೆ ಕಡಿಮೆ ಎಂದು ಬಂತು. ಆಸ್ಪಿರಿನ್ ಶುರುವಾಯಿತು. ಆದರೂ 36ನೇ ವಾರದಲ್ಲಿ ಮನೆಯ ಬಿಪಿ ಮೆಷಿನ್ನು 150/100 ತೋರಿಸಿತು. ಗಂಡನೇ ರಾತ್ರಿ ಕಾರು ತೆಗೆದರು. 37 ತುಂಬುತ್ತಲೇ ನೋವು ಬರಿಸಿ ಹೆರಿಗೆ ಮಾಡಿಸಿದರು. ಫೋನಿನಲ್ಲಿ ಸುದ್ದಿ ಕೇಳಿ ನಾನು ಹೇಳಿದ್ದು: ಬಾಣಂತನಕ್ಕೆ ತವರಿಗೆ ಹೊರಟಾಗ ಬಿಪಿ ಮೆಷಿನ್ನೂ ಬ್ಯಾಗಿಗೆ ಹಾಕಿಕೊಳ್ಳಿ, ಹೆರಿಗೆಯಾದ ಮೇಲೂ ಬಿಪಿ ಏರಬಹುದು, ಡಾಕ್ಟರು ಹೇಳುವವರೆಗೆ ಬಿಪಿ ಮಾತ್ರೆ ಬಿಡಬೇಡಿ.