ನೀರೆರೆದರೂ ತುದಿ ಒಣಗುತ್ತಿರುವ ಹಳೆಯ ಮಾವಿನ ಮರಕ್ಕೆ

ನಿತ್ಯ ಬುಡಕ್ಕೆ ನೀರು ಸುರಿದರೂ ಫೆಬ್ರುವರಿಯಿಂದ ತುದಿಕೊಂಬೆಗಳು ಒಣಗುತ್ತಿರುವುದಕ್ಕೆ, ಬಹುಶಃ, ನೀರು ತಲುಪಬೇಕಾದಲ್ಲಿಗೆ ತಲುಪದಿರುವುದೇ ಕಾರಣ. ದೊಡ್ಡ ಮರದಲ್ಲಿ ನೀರು ಹೀರುವ ಸಣ್ಣ ಬೇರುಗಳು ಕಾಂಡದ ಪಕ್ಕದಲ್ಲಿ ಕಡಿಮೆ. ಅವು ಕೊಂಬೆಗಳ ಹರವಿನ ಅಂಚಿನಲ್ಲೂ ಅದರಾಚೆಗೂ, ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಮಡಿಕೇರಿಯಷ್ಟು ಮಳೆ ಕಾಣದ ನಿಮ್ಮ ಕುಶಾಲನಗರದಲ್ಲಿ ಆ ಮಣ್ಣು ಬೇಗ ಒಣಗುತ್ತದೆ, ನೀವು ಕಳೆದ ವರ್ಷ ಹಾಸಿದ ಇಂಟರ್‌ಲಾಕ್ ಕಲ್ಲು ಬೇಸಿಗೆ ಮಳೆಯನ್ನೂ ಒಳಕ್ಕೆ ಬಿಡುವುದಿಲ್ಲ.

ಮೊದಲು ಹರವಿನ ಕೆಳಗಿನ ಕಲ್ಲುಗಳನ್ನು ಸಾಧ್ಯವಾದಷ್ಟು ತೆಗೆಯಿರಿ, ಆದರೆ ಅಲ್ಲಿ ಅಗೆಯಬೇಡಿ. ಆಮೇಲೆ ನಿತ್ಯದ ಬಕೆಟ್ ನಿಲ್ಲಿಸಿ, ಹತ್ತು ಹದಿನೈದು ದಿನಕ್ಕೊಮ್ಮೆ ಪೈಪನ್ನು ಸಣ್ಣಗೆ ಬಿಟ್ಟು, ಅಂಚಿನ ಸುತ್ತ ಜಾಗ ಬದಲಿಸುತ್ತ, ಕಬ್ಬಿಣದ ಸರಳು ಒಂದಡಿ ಸುಲಭವಾಗಿ ಇಳಿಯುವವರೆಗೆ ನೆನೆಸಿರಿ. ಅದರ ಮೇಲೆ ಮೂರು ನಾಲ್ಕು ಇಂಚು ತರಗೆಲೆ ಹೊದಿಸಿ; ಕಾಂಡಕ್ಕೆ ಮಾತ್ರ ತಾಗಿಸಬೇಡಿ, ತೊಗಟೆ ಕೊಳೆಯುತ್ತದೆ. ಕಾಫಿ ಸಿಪ್ಪೆ ಬಳಸುವುದಾದರೆ ಪೂರ್ತಿ ಕಳಿತಿರಲಿ. ಮಳೆ ಹಿಡಿಯುವವರೆಗೆ ರಾಸಾಯನಿಕ ಗೊಬ್ಬರ ಬೇಡ.

ಒಣಗಿದಂತೆ ಕಾಣುವ ಕೊಂಬೆಯನ್ನು ಈಗಲೇ ಕಡಿಸಬೇಡಿ. ಉಗುರಿನಿಂದ ಕೆರೆದಾಗ ತೊಗಟೆಯ ಕೆಳಗೆ ಹಸಿರಿದ್ದರೆ ಅದು ಬದುಕಿದೆ. ಕಂದಾಗಿದ್ದರೂ, ಮನೆಯ ಮೇಲೆ ಬೀಳುವ ಅಪಾಯವಿಲ್ಲದಿದ್ದರೆ, ಮುಂಗಾರಿನ ಚಿಗುರನ್ನು ನೋಡಿ ನಿರ್ಧರಿಸುವುದು ಮೇಲು. ಕಲ್ಲು ಹಾಸುವಾಗ ದಪ್ಪ ಬೇರುಗಳೇ ತುಂಡಾಗಿದ್ದರೆ ಚೇತರಿಕೆಯ ಭರವಸೆ ಕೊಡಲಾಗದು.

ಕಾಂಡದಲ್ಲಿ ರಂಧ್ರ, ಅದರ ಕೆಳಗೆ ಮರದ ಹುಡಿ ಕಂಡರೆ ಕಾಂಡಕೊರಕ ಹುಳುವಿನ ಶಂಕೆ ಬಲವಾಗುತ್ತದೆ. ಆಗ ಫೋಟೊ ತೆಗೆದು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ತಡಮಾಡದೆ ತೋರಿಸಿ.