ಇಸಿಯು ಬದಲಾಯಿಸುವ ಮುನ್ನ

ಪ್ರಶ್ನೆ: ನನ್ನ ಒಂಬತ್ತು ವರ್ಷದ ಪೆಟ್ರೋಲ್ ಕಾರು ಒಂದು ವಾರ ಮಳೆಯಲ್ಲೇ ನಿಂತಿತ್ತು. ಈಗ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರು ತಿರುಗುತ್ತದೆ, ಆದರೆ ಎಂಜಿನ್ ಚಾಲೂ ಆಗುವುದಿಲ್ಲ. ‘ಚೆಕ್ ಎಂಜಿನ್’ ದೀಪ ಹತ್ತುತ್ತಿಲ್ಲ, ದೋಷ ಓದುವ ಸ್ಕ್ಯಾನರಿಗೂ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಡಬ್ಬ) ಸಿಗುತ್ತಿಲ್ಲ. ಇಸಿಯು ಹೋಗಿದೆ, ಗುಜರಿಯಿಂದ ಅದೇ ಮಾದರಿಯದನ್ನು ತಂದು ಹಾಕೋಣ ಎನ್ನುತ್ತಾರೆ ಮೆಕ್ಯಾನಿಕ್. ಒಪ್ಪಬಹುದೇ?
– ಒಬ್ಬ ಓದುಗರು, ಸಾಗರ

ಉತ್ತರ: ಈಗಲೇ ಒಪ್ಪಬೇಡಿ. ಇಸಿಯು ಕೆಟ್ಟಾಗ ಕಾಣುವ ಈ ಲಕ್ಷಣಗಳೆಲ್ಲ ಅದಕ್ಕೆ ಕರೆಂಟು ತಲುಪದಿದ್ದಾಗಲೂ ಕಾಣುತ್ತವೆ. ಮೊದಲು ಫ್ಯೂಸು, ಮೇನ್ ರಿಲೇ (ಇಸಿಯುವಿಗೆ ಕರೆಂಟು ಹರಿಸುವ ಸ್ವಿಚ್ಚು) ಮತ್ತು ಅರ್ತ್ ತಂತಿಗಳನ್ನು ನೋಡಿಸಿ. ಇಸಿಯು ಕನೆಕ್ಟರಿನ ಸಪ್ಲೈ ಪಿನ್ನಿನಲ್ಲಿ ಮಲ್ಟಿಮೀಟರ್ 12 ವೋಲ್ಟ್ ತೋರಿಸಿತೆಂದು ಅಲ್ಲಿಗೇ ನಿಲ್ಲಿಸುವಂತಿಲ್ಲ. ತಂತಿ ಒಳಗೊಳಗೇ ಕಿಲುಬು ಹಿಡಿದು ಒಂದೆರಡು ಎಳೆ ಮಾತ್ರ ಉಳಿದಿದ್ದರೂ ಮೀಟರು ಅಷ್ಟನ್ನೇ ತೋರಿಸುತ್ತದೆ, ಅಲ್ಲಿಗೇ ಒಂದು ಸಣ್ಣ ಬಲ್ಬನ್ನು ಜೋಡಿಸಿದರೆ ಅದು ಮಿಣುಕಿ ಗುಟ್ಟು ಬಿಟ್ಟುಕೊಡುತ್ತದೆ.

ಇನ್ನೊಂದು ಪರೀಕ್ಷೆಯನ್ನು ಬಹಳ ಗ್ಯಾರೇಜುಗಳಲ್ಲಿ ಮರೆಯುತ್ತಾರೆ. ಇಸಿಯು ಹಲವು ಸೆನ್ಸರುಗಳಿಗೆ 5 ವೋಲ್ಟ್ ಕೊಡುತ್ತದೆ. ಅವುಗಳಲ್ಲಿ ಒಂದಕ್ಕೆ ನೀರು ಸೇರಿ ಶಾರ್ಟ್ ಆದರೂ ಆ 5 ವೋಲ್ಟ್ ಬಿದ್ದುಹೋಗಿ, ಕೆಲವು ಗಾಡಿಗಳಲ್ಲಿ ಇಡೀ ಇಸಿಯು ಸತ್ತಂತೆ ವರ್ತಿಸುತ್ತದೆ. ಸೆನ್ಸರುಗಳ ಪ್ಲಗ್ಗನ್ನು ಒಂದೊಂದಾಗಿ ಕೀಳುತ್ತ ಬಂದರೆ, ಯಾವುದನ್ನು ಕಿತ್ತಾಗ 5 ವೋಲ್ಟ್ ಮರಳುತ್ತದೋ ತಪ್ಪು ಅಲ್ಲಿದೆ.

ಇಷ್ಟಾದ ಮೇಲೂ ಇಸಿಯುವೇ ಕೆಟ್ಟಿದೆಯೆಂದು ಖಚಿತವಾದರೆ, ಗುಜರಿಯ ಡಬ್ಬವನ್ನು ತಂದು ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮೇಲಿನ ಪಾರ್ಟ್ ನಂಬರ್ ಅಕ್ಷರಶಃ ಒಂದೇ ಆಗಿದ್ದರೂ, ಇಮೊಬಿಲೈಸರ್ (ಗುರುತಿಸಿದ ಕೀಲಿಗೆ ಮಾತ್ರ ಒಪ್ಪುವ ಕಳ್ಳತನ ತಡೆ ವ್ಯವಸ್ಥೆ) ಇರುವ ಕಾರಿನಲ್ಲಿ ಅದು ತನ್ನ ಹಳೆಯ ಕಾರಿನ ಗುರುತನ್ನೇ ಇಟ್ಟುಕೊಂಡಿರುವುದರಿಂದ, ನಿಮ್ಮ ಕೀಲಿಯನ್ನು ಒಪ್ಪದೆ ಎಂಜಿನ್ ಚಾಲೂ ಆಗಲು ಬಿಡುವುದಿಲ್ಲ. ನಿಮ್ಮ ಹಳೆಯ ಇಸಿಯುವಿನ ಮೆಮೊರಿ ಓದುವ ಸ್ಥಿತಿಯಲ್ಲಿದ್ದರೆ ಅದರ ಮಾಹಿತಿಯನ್ನು ಗುಜರಿಯಿಂದ ತಂದದ್ದಕ್ಕೆ ನಕಲು ಮಾಡಿಸಬಹುದು. ಇಲ್ಲವಾದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೊಸದನ್ನು ಹಾಕಿಸಿ ಕೀಲಿಗಳನ್ನು ಮತ್ತೆ ಜೋಡಿಸಿಕೊಳ್ಳಬೇಕಾದೀತು. ಆದ್ದರಿಂದ ಹಳೆಯ ಡಬ್ಬವನ್ನು ಯಾವ ಕಾರಣಕ್ಕೂ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಅದನ್ನು ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆಸಿ.