ಲೈಟ್ ಸ್ಟ್ಯಾಂಡ್ ಬೀಳದಿರಲು ಎಷ್ಟು ಭಾರ ಬೇಕು?

ಪ್ರಶ್ನೆ: ನಾವು ನಾಲ್ಕೈದು ಗೆಳೆಯರು ಸೇರಿ ಕಿರುಚಿತ್ರ ಮಾಡುತ್ತಿದ್ದೇವೆ. ಊರಾಚೆ ಬಯಲಲ್ಲಿ ಶೂಟಿಂಗ್. ಎರಡಡಿ ಅಗಲ, ಮೂರಡಿ ಎತ್ತರದ ಸಾಫ್ಟ್‌ಬಾಕ್ಸ್ (ಲೈಟಿನ ಬೆಳಕು ಮೆದುವಾಗಲು ಅದರ ಮುಂದೆ ಹಾಕುವ ಬಟ್ಟೆಯ ಪೆಟ್ಟಿಗೆ), ಮಾಮೂಲಿ ಅಲ್ಯೂಮಿನಿಯಂ ಸ್ಟ್ಯಾಂಡ್. ಗಾಳಿಗೆ ಎರಡು ಸಲ ವಾಲಿತು, ಯಾರೋ ಓಡಿಹೋಗಿ ಹಿಡಿದರು. ಸ್ಯಾಂಡ್‌ಬ್ಯಾಗ್‌ಗೆ 5 ಕೆಜಿ ಮರಳು ತುಂಬಿದರೆ ಸಾಕಾ, 10 ಕೆಜಿ ಬೇಕಾ?
– ಓದುಗರು, ಹಾಸನ

ಉತ್ತರ: ಕೆಜಿ ಆಮೇಲೆ ನೋಡೋಣ, ಮೊದಲು ಗಾಳಿ. ನಿಮ್ಮ ಸಾಫ್ಟ್‌ಬಾಕ್ಸ್‌ಗೆ ಗಂಟೆಗೆ 18 ಕಿ.ಮೀ. ಗಾಳಿ ನೇರವಾಗಿ ಬಡಿದರೆ ಹೆಚ್ಚುಕಡಿಮೆ 1 ಕೆಜಿ ಭಾರದಷ್ಟು ಜೋರಾಗಿ ತಳ್ಳುತ್ತದೆ. ಅದೇ ಗಾಳಿ 36 ಕಿ.ಮೀ. ಆದರೆ 2 ಕೆಜಿ ಅಲ್ಲ, 4 ಕೆಜಿ! ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಬೆಳಿಗ್ಗೆಯೆಲ್ಲ ಗಟ್ಟಿಯಾಗಿ ನಿಂತಿದ್ದ ಸ್ಟ್ಯಾಂಡ್ ಮಧ್ಯಾಹ್ನ ಒಂದೇ ಬೀಸಿಗೆ ಮಗುಚುವುದು ಇದಕ್ಕೇ.

ಈಗ ಸ್ಟ್ಯಾಂಡ್ ನೋಡಿ. ಕಾಲುಗಳು ನಡುಗಂಬದಿಂದ ಅರ್ಧ ಮೀಟರ್ ಹರಡಿವೆ ಅಂದುಕೊಳ್ಳೋಣ. ಮಗುಚುವಾಗ ಅದು ಕಾಲಿನ ತುದಿಯ ಮೇಲೆ ಮಗುಚುವುದಿಲ್ಲ, ಎರಡು ಕಾಲುಗಳ ನಡುವಿನ ಗೆರೆಯ ಮೇಲೆ ಮಗುಚುತ್ತದೆ, ಆ ಗೆರೆ ಕಂಬದಿಂದ ಬರೀ 25 ಸೆಂ.ಮೀ. ದೂರದಲ್ಲಿದೆ. ಸಾಫ್ಟ್‌ಬಾಕ್ಸ್ 2 ಮೀಟರ್ ಎತ್ತರದಲ್ಲಿದ್ದರೆ, 18 ಕಿ.ಮೀ. ಗಾಳಿಗೆ ಸ್ಟ್ಯಾಂಡ್, ಲೈಟ್, ಚೀಲ ಎಲ್ಲ ಸೇರಿ 8 ಕೆಜಿ ಬೇಕು. 36 ಕಿ.ಮೀ. ಗಾಳಿಗೆ 32 ಕೆಜಿ! ಅಷ್ಟು ಭಾರ ನಿಮ್ಮ ಸ್ಟ್ಯಾಂಡ್ ಹೊರುವುದಿಲ್ಲ, ಕಾಲಿನ ಪಟ್ಟಿಯೇ ಬಾಗುತ್ತದೆ. ಹಾಗಾಗಿ ತೆಳುಗಾಳಿಗೆ ಪ್ರತಿ ಸ್ಟ್ಯಾಂಡ್‌ಗೂ 10 ಕೆಜಿ ಇಟ್ಟುಕೊಳ್ಳಿ, 5 ಕೆಜಿ ಸಾಲದು. ಗಾಳಿ ಜೋರಾದರೆ ಸಾಫ್ಟ್‌ಬಾಕ್ಸ್ ಇಳಿಸಿ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಅಂಥ ಕಡೆ ಎಷ್ಟು ಚೀಲ ಒಯ್ದರೂ ಸಾಲುವುದಿಲ್ಲ, ಮೂರು ಕಡೆಗೆ ಹಗ್ಗ ಎಳೆದು ಗೂಟ ಹೊಡೆಯಬೇಕು. ಹಗ್ಗ ಮೇಲಿನಿಂದ ಹಿಡಿಯುತ್ತದೆ, ಅದಕ್ಕೇ ಅದರ ಬಲ ಜಾಸ್ತಿ.

ಕೆಜಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಶೂಟಿಂಗ್‌ಗಳಲ್ಲಿ ಚೀಲವನ್ನು ಸ್ಟ್ಯಾಂಡ್ ಕಾಲಿನ ಪಕ್ಕ ನೆಲದ ಮೇಲೆ ಒರಗಿಸಿಟ್ಟು, ಭಾರ ಹಾಕಿದ್ದೇವೆ ಅಂತ ನೆಮ್ಮದಿಯಾಗಿರುವುದನ್ನು ತುಂಬಾ ನೋಡಿದ್ದೇನೆ. ನೆಲಕ್ಕೆ ತಾಗಿದ ಚೀಲದ ಭಾರವನ್ನು ನೆಲ ಹೊರುತ್ತದೆ, ಸ್ಟ್ಯಾಂಡ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಚೀಲ ಹಸುಬೆಯ ಹಾಗೆ ಎರಡು ಕಡೆಗೂ ಇಳಿಬಿದ್ದು, ಕಾಲಿನ ಮೇಲೆ ಕೂತು, ನೆಲದಿಂದ ಸ್ವಲ್ಪ ಮೇಲೆ ತೂಗಬೇಕು. ಸಿ-ಸ್ಟ್ಯಾಂಡ್ (ಕಾಲುಗಳು ಬೇರೆ ಬೇರೆ ಎತ್ತರದಲ್ಲಿದ್ದು, ಅಡ್ಡ ತೋಳು ಹಾಕಬಹುದಾದ ಗಟ್ಟಿ ಸ್ಟ್ಯಾಂಡ್) ಆದರೆ ಎಲ್ಲಕ್ಕಿಂತ ಎತ್ತರದ ಕಾಲನ್ನು ತೋಳು ಚಾಚಿದ ಕಡೆಗೆ ತಿರುಗಿಸಿ, ಚೀಲವನ್ನು ಆ ಕಾಲಿನ ಮೇಲೆಯೇ ಕಂಬಕ್ಕೆ ಒತ್ತಿ ಹಾಕಿ. ನಿಮ್ಮ ಮಾಮೂಲಿ ಸ್ಟ್ಯಾಂಡ್‌ನಲ್ಲಿ ಗಾಳಿ ಯಾವ ಕಡೆಗೆ ತಳ್ಳುತ್ತದೋ ಆ ಕಡೆಗೆ ಒಂದು ಕಾಲು ಬರಲಿ, ಚೀಲ ಗಾಳಿ ಬರುವ ಕಡೆಯ ಕಾಲುಗಳ ಮೇಲಿರಲಿ. ಕಾಲುಗಳನ್ನು ಪೂರ್ತಿ ಹರಡಿ, ಕಂಬವನ್ನು ಬೇಕಾದಷ್ಟೇ ಏರಿಸಿ. ಇದಕ್ಕೆಲ್ಲ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನೊಂದು ಮಾತು. ಆ ಲೈಟಿನ ಕೆಳಗೆ ನಿಮ್ಮ ನಟರು ನಿಂತಿರುತ್ತಾರೆ, ಪಕ್ಕದಲ್ಲಿ ಶೂಟಿಂಗ್ ನೋಡಲು ಬಂದ ಮಕ್ಕಳೂ ಇರುತ್ತಾರೆ. ಚೀಲ ಹಾಕಿದ್ದರೂ ಸರಿ, ಬಯಲಲ್ಲಿ ಪ್ರತಿ ಸಾಫ್ಟ್‌ಬಾಕ್ಸ್ ಪಕ್ಕ ಒಬ್ಬರು ಕೈ ಹತ್ತಿರ ಇಟ್ಟುಕೊಂಡೇ ನಿಲ್ಲಲಿ. ಜನ ಕಡಿಮೆ ಇದ್ದರೆ ಒಂದು ಲೈಟ್ ಕಡಿಮೆ ಮಾಡಿ.

ಪ್ರಶ್ನೆ: ಸ್ಯಾಂಡ್‌ಬ್ಯಾಗ್‌ಗೆ ಏನು ತುಂಬಬೇಕು? ನಮ್ಮಲ್ಲಿ ಕಡಲ ಮರಳು ಧಾರಾಳವಾಗಿದೆ. ನೀರಿನ ಚೀಲವೂ ಸಿಗುತ್ತದಂತೆ.
– ಓದುಗರು, ಕುಂದಾಪುರ

ಉತ್ತರ: ಕಡಲ ಮರಳು ಬೇಡ. ಅದರಲ್ಲಿರುವ ಉಪ್ಪು ತೇವ ಎಳೆದುಕೊಂಡು ಜಿಪ್, ಸ್ಕ್ರೂ, ಸ್ಟ್ಯಾಂಡ್ ಎಲ್ಲದಕ್ಕೂ ತುಕ್ಕು ಹಿಡಿಸುತ್ತದೆ. ಒಣ ಎಂ-ಸ್ಯಾಂಡ್ ಆಗಬಹುದು, ಆದರೆ ಅದರ ಸಣ್ಣ ಪುಡಿ ಹೊಲಿಗೆಯಿಂದ ಸೋರುತ್ತದೆ, ಲೆನ್ಸ್ ಬದಲಿಸುವ ಜಾಗದಲ್ಲಿ ಅದು ಬೇಡವೇ ಬೇಡ. ನನ್ನ ಆಯ್ಕೆ ತೊಳೆದು ಒಣಗಿಸಿದ ಸಣ್ಣ ಜಲ್ಲಿ. ಮೊದಲು ದಪ್ಪ ಪ್ಲಾಸ್ಟಿಕ್ ಕವರ್‌ಗೆ ತುಂಬಿ ಬಾಯಿ ಬಿಗಿದು, ಆಮೇಲೆ ಕ್ಯಾನ್ವಾಸ್ ಚೀಲಕ್ಕೆ ಹಾಕಿ. ಬ್ಯಾಗ್ ಹೊಲಿಯುವವರ ಹತ್ತಿರ ಎರಡು ಬದಿಯ ಚೀಲ, ನಡುವೆ ಗಟ್ಟಿ ಹಿಡಿ ಅಂತ ಹೇಳಿದರೆ ಹೊಲಿದುಕೊಡುತ್ತಾರೆ. ಪೂರ್ತಿ ತುಂಬಬೇಡಿ, ಮುಕ್ಕಾಲು ಸಾಕು. ಬಿಗಿಯಾಗಿ ತುಂಬಿದ ಚೀಲ ಕಾಲಿನ ಮೇಲೆ ಕೂರದೆ ಉರುಳುತ್ತದೆ.

ನೀರಿನ ಚೀಲ ವಿಮಾನದಲ್ಲಿ ಹೋಗುವವರಿಗೆ, ಚಾರಣ ಮಾಡಿಕೊಂಡು ಹೋಗಿ ಶೂಟ್ ಮಾಡುವವರಿಗೆ ಅನುಕೂಲ. ಖಾಲಿ ಒಯ್ದು ಅಲ್ಲಿ ತುಂಬಬಹುದು. ಆದರೆ 10 ಕೆಜಿಗೆ 10 ಲೀಟರ್ ಬೇಕು, ಚೀಲ ದೊಡ್ಡದಾಗಿ ನೆಲಕ್ಕೆ ತಾಗುತ್ತದೆ. ಒಣ ಮರಳಾದರೆ ಆರು ಲೀಟರಿನಷ್ಟು ಜಾಗ ಸಾಕು. ಕರೆಂಟಿನ ಲೈಟ್, ಎಕ್ಸ್‌ಟೆನ್ಶನ್ ಬಾಕ್ಸ್ ಇರುವ ಕಡೆ ನೀರಿನ ಚೀಲ ಇಡಲೇಬೇಡಿ, ಸೋರಿದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಟ್ರೈಪಾಡ್ ನಡುವೆ ಒಂದು ಕೊಕ್ಕೆ ಇದೆ. ಅದಕ್ಕೆ ಕ್ಯಾಮೆರಾ ಬ್ಯಾಗ್ ತೂಗುಹಾಕಿದರೂ ಬೆಟ್ಟದ ಮೇಲೆ ವಿಡಿಯೋ ಅಲುಗಾಡುತ್ತಿದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ಬ್ಯಾಗ್ ಗಾಳಿಗೆ ತೂಗಾಡುತ್ತಿದೆ, ಆ ತೂಗಾಟವೇ ಕ್ಯಾಮೆರಾಗೆ ಹೋಗುತ್ತಿದೆ. ಬ್ಯಾಗಿನ ತಳ ನೆಲಕ್ಕೆ ಚೂರೇ ಚೂರು ತಾಗುವಷ್ಟು ಹಗ್ಗ ಉದ್ದ ಮಾಡಿ. ಭಾರ ಹೆಚ್ಚುಕಡಿಮೆ ಪೂರ್ತಿ ಕೊಕ್ಕೆಯ ಮೇಲೇ ಇರುತ್ತದೆ, ತೂಗಾಟ ಮಾತ್ರ ನಿಲ್ಲುತ್ತದೆ. ನಡುಗಂಬವನ್ನು ಏರಿಸಬೇಡಿ, ಕ್ಯಾಮೆರಾದ ನೆಕ್ ಸ್ಟ್ರ್ಯಾಪ್ ಬಿಚ್ಚಿಡಿ, ಅದೂ ಗಾಳಿಗೆ ಬಡಿಯುತ್ತಿರುತ್ತದೆ. ಬ್ಯಾಗು, ಕ್ಯಾಮೆರಾ ಎರಡೂ ಸೇರಿದ ಭಾರ ನಿಮ್ಮ ಟ್ರೈಪಾಡ್ ಹೊರುವ ಮಿತಿಯೊಳಗೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.